ಜಡೆ ಬಿಚ್ಚಿ ನೋಡಿದ ಮೇಲೆ ಬಾಬ್ ಕಟ್

ಮುಂಬಯಿಯ ಮಾಟುಂಗ ಪೂರ್ವದ ಹೂವಿನ ಅಂಗಡಿಯ ಮುಂದೆ ನಿಂತು ಮೊಳ ಹಾಕಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಅಕ್ಕನ ಮಗಳು ಮೊಬೈಲಿನಲ್ಲಿ ಒಬ್ಬ ನಟಿಯ ಚಿತ್ರ ತೋರಿಸಿ, "ಚಿಕ್ಕಮ್ಮ, ಈ ಲೇಯರ್ ಬಾಬ್ ನಂಗೆ ಒಪ್ತದಾ?" ಎಂದಳು. ಹೂ ಕಟ್ಟುತ್ತಿದ್ದಾಕೆಯೂ ತಲೆಯೆತ್ತಿ ಅವಳ ಮುಖ ನೋಡಿದಳು. ಇಂಥ ಪ್ರಶ್ನೆ ಬಂದಾಗ ಎಲ್ಲರೂ ನೋಡುವುದು ಮುಖವನ್ನೇ. ನಾನು ಅವಳ ಜಡೆಯನ್ನು ಹಿಡಿದು ನೋಡಿದೆ. ಉತ್ತರ ಇರುವುದು ಅಲ್ಲಿ. ಆದರೆ ಹೆಣೆದಿರುವಷ್ಟು ಹೊತ್ತು ಅದು ಕಾಣುವುದಿಲ್ಲ.

ಜಡೆ ಎಂದರೆ ಹಗ್ಗ, ಹಗ್ಗದ ಗುಟ್ಟು ಇರುವುದು ಎಳೆಯಲ್ಲಿ. ಹೂವಿನ ಗಲ್ಲಿಯಿಂದ ಹೆಚ್ಚು ದೂರವಿಲ್ಲದ ಆಡೆನ್‌ವಾಲಾ ರಸ್ತೆಯಲ್ಲಿ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. 1924ರಲ್ಲಿ ಶುರುವಾದದ್ದು. ಹತ್ತಿಯ ಎಳೆ ಎಷ್ಟು ಉದ್ದ, ಎಷ್ಟು ಸಣ್ಣ, ಎಷ್ಟು ಗಟ್ಟಿ ಎಂದು ಅಳೆಯುವುದು ಅಲ್ಲಿನ ಕಸುಬು. ಎರಡು ಮೂರು ಸೆಂಟಿಮೀಟರಿನ ಹತ್ತಿ ಎಳೆಗಳು ಉದ್ದನೆಯ ನೂಲಾಗುವುದು ಹುರಿಯಿಂದ. ಹುರಿ ಹಾಕಿದಾಗ ಎಳೆಗಳು ಒಂದನ್ನೊಂದು ಉಜ್ಜಿ ಹಿಡಿದುಕೊಳ್ಳುತ್ತವೆ. ಜಡೆಯಲ್ಲೂ ಹಾಗೆಯೇ, ಒಂದು ಎಳೆಯ ಹಟವನ್ನು ಉಳಿದ ಎಳೆಗಳು ಅದುಮಿಡುತ್ತವೆ. ಬಾಬ್ ಕಟ್‌ನಲ್ಲಿ ಆ ಆಸರೆ ತಪ್ಪುತ್ತದೆ. ತಲೆಯ ಮೇಲಿನ ಸುಮಾರು ಒಂದು ಲಕ್ಷ ಕೂದಲು ತಮ್ಮ ತಮ್ಮ ಸ್ವಭಾವದಂತೆ ನಿಲ್ಲಬೇಕಾಗುತ್ತದೆ.

ನಿಲ್ಲುತ್ತವೆಯೋ ಬಾಗುತ್ತವೆಯೋ ಎಂಬುದಕ್ಕೂ ಲೆಕ್ಕವಿದೆ. ರೇಮಂಡ್ ಗೋಲ್ಡ್‌ಸ್ಟೀನ್, ಪ್ಯಾಟ್ರಿಕ್ ವಾರನ್ ಮತ್ತು ರಾಬಿನ್ ಬಾಲ್ ಎಂಬ ವಿಜ್ಞಾನಿಗಳು 2012ರಲ್ಲಿ ಪೋನಿಟೇಲ್ ಯಾಕೆ ಆ ಆಕಾರದಲ್ಲಿರುತ್ತದೆ ಎಂಬುದಕ್ಕೆ ಸಮೀಕರಣ ಬರೆದರು. ಅವರ ಪ್ರಕಾರ ಮನುಷ್ಯರ ಕೂದಲು ತನ್ನ ಭಾರಕ್ಕೆ ಬಾಗತೊಡಗುವುದು ಹೆಚ್ಚುಕಡಿಮೆ 5 ಸೆಂಟಿಮೀಟರ್ ಉದ್ದದಲ್ಲಿ. ಅದಕ್ಕಿಂತ ಗಿಡ್ಡವಾದದ್ದು ಬಿರುಸಿನಿಂದಲೇ ನಿಲ್ಲುತ್ತದೆ, ಬಹಳ ಉದ್ದವಾದದ್ದು ಇಳಿಬೀಳುತ್ತದೆ. ಲೇಯರ್ ಎಂದರೆ ಎಳೆಗಳನ್ನು ಬೇರೆ ಬೇರೆ ಉದ್ದಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುವುದು ತಾನೆ? ಗಿಡ್ಡ ಮೆಟ್ಟಿಲು ಈ 5 ಸೆಂಟಿಮೀಟರಿಗೆ ಹತ್ತಿರವಾದಷ್ಟೂ ಕೂದಲು ಉಬ್ಬಿ ನಿಲ್ಲುತ್ತದೆ. ತೆಳ್ಳಗಿನ ಕೂದಲಿನವರಿಗೆ ಇದು ವರ. ದಪ್ಪ ಕೂದಲಿನವರ ಕತೆ ಬೇರೆ. ಎಳೆಯ ಬಿರುಸು ಅದರ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ಒಂದೂವರೆ ಪಟ್ಟು ದಪ್ಪವಾದ ಎಳೆ ಐದು ಪಟ್ಟು ಬಿರುಸು. ಅಂಥ ಕೂದಲನ್ನು ಗಿಡ್ಡ ಮೆಟ್ಟಿಲುಗಳಾಗಿ ಕತ್ತರಿಸಿದರೆ ತಲೆ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ.

ಗುಂಗುರು ಕೂದಲಿನವರು ಇನ್ನೂ ಎಚ್ಚರದಿಂದಿರಬೇಕು. ಉದ್ದ ಕೂದಲಿನ ಭಾರವೇ ಸುರುಳಿಯನ್ನು ಎಳೆದು ಹಿಡಿದಿರುತ್ತದೆ. ಕತ್ತರಿಸಿದ ಕೂಡಲೇ ಭಾರ ಇಳಿದು ಸುರುಳಿ ಮೇಲಕ್ಕೆ ಹಾರುತ್ತದೆ. ಒದ್ದೆಯಿದ್ದಾಗ ದವಡೆಯ ಮಟ್ಟಕ್ಕೆ ಕಂಡದ್ದು ಒಣಗಿದಾಗ ಕಿವಿಯ ಮಟ್ಟಕ್ಕೆ ಬಂದೀತು.

ಇನ್ನು ಮುಂಬಯಿಯ ಗಾಳಿ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರ ಎಳೆಯೊಳಗೆ ಎರಡು ಬಗೆಯ ಬಂಧಗಳು ಮುಖ್ಯ. ಗಂಧಕದ ಬಂಧ ನೀರಿಗೆ ಜಗ್ಗುವುದಿಲ್ಲ. ಹುಟ್ಟಿನಿಂದ ಬಂದ ಗುಂಗುರನ್ನು ಕಾಯುವುದು ಅದು. ಹೈಡ್ರೋಜನ್ ಬಂಧ ನೀರು ತಾಗಿದರೆ ಬಿಚ್ಚಿಕೊಂಡು, ಒಣಗಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಪಾರ್ಲರಿನವರು ಬ್ಲೋ ಡ್ರೈ ಮಾಡಿ ಕೂರಿಸುವ ನಯವೆಲ್ಲ ಈ ಎರಡನೆಯ ಬಂಧದ ಮೇಲೆ ನಿಂತದ್ದು. ಗಾಳಿಯಲ್ಲಿ ತೇವ ತುಂಬಿದಾಗ ಕೂದಲು ತನ್ನ ತೂಕದ ಸುಮಾರು ಶೇ 30ರಷ್ಟು ನೀರನ್ನು ಹೀರಬಲ್ಲದು. 1783ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಸೂರ್ ಈ ಗುಣವನ್ನು ಬಳಸಿಯೇ ಮಾಡಿದ ಯಂತ್ರವನ್ನು ವಿವರಿಸಿದ. ಜಿಡ್ಡು ತೆಗೆದ ಒಂದು ಕೂದಲು, ಅದರ ಒಂದು ತುದಿ ಕಟ್ಟಿದ್ದು, ಇನ್ನೊಂದು ತುದಿ ಸಣ್ಣ ಗಾಲಿಗೆ ಸುತ್ತಿದ್ದು, ಗಾಲಿಗೊಂದು ಮುಳ್ಳು. ತೇವ ಏರಿದರೆ ಕೂದಲು ಹಿಗ್ಗಿ ಮುಳ್ಳು ತಿರುಗುತ್ತದೆ. ಪೂರ್ತಿ ಒಣಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಹಿಗ್ಗುವುದು ಶೇ 2 ಚಿಲ್ಲರೆ, ಅಷ್ಟೆ. ಆದರೂ ಹವಾಮಾನ ಕೇಂದ್ರಗಳು ಬಹುಕಾಲ ಕೂದಲನ್ನು ನಂಬಿ ತೇವಾಂಶ ಅಳೆದವು.

ನಮ್ಮ ದೇಶದಲ್ಲಿ ಹತ್ತಿ, ನೂಲು, ಬಟ್ಟೆಯನ್ನು ಪರೀಕ್ಷಿಸುವವರು ಎಳೆಯನ್ನು ಎಂಥದೋ ಗಾಳಿಯಲ್ಲಿ ಅಳೆಯುವುದಿಲ್ಲ. 27 ಡಿಗ್ರಿ ಉಷ್ಣತೆ, ಶೇ 65 ತೇವಾಂಶ ಎಂದು ನಿಗದಿ ಮಾಡಿಕೊಂಡು, ಎಳೆ ಆ ಗಾಳಿಗೆ ಹೊಂದಿಕೊಂಡ ಮೇಲೆಯೇ ಅಳೆಯುತ್ತಾರೆ. ನಾವು ಮಾತ್ರ ಎಸಿ ಹಾಕಿದ ಪಾರ್ಲರಿನ ಕನ್ನಡಿಯಲ್ಲಿ ನೋಡಿ ಒಪ್ಪಿಕೊಂಡು, ಜುಲೈ ತಿಂಗಳ ಲೋಕಲ್ ಗಾಡಿಯಲ್ಲಿ ಓಡಾಡುತ್ತೇವೆ. ಲೇಯರ್ ಬಾಬ್ ಮಾಡಿಸಿಕೊಂಡು ಮರುಗಿದವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ ಎಂದು ನನ್ನ ಅನಿಸಿಕೆ.

ನೆತ್ತಿಯ ಸುಳಿಯನ್ನೂ ಮರೆಯುವ ಹಾಗಿಲ್ಲ. ಎರಡು ಸುಳಿಯಿದ್ದರೆ ಎರಡು ಮದುವೆ ಎಂದು ಹಿರಿಯರು ಮಗುವಿನ ತಲೆ ನೋಡಿ ಹೇಳುತ್ತಿದ್ದರು. ಮದುವೆಯ ಮಾತಿನಲ್ಲಿ ಹುರುಳಿಲ್ಲ. ಆದರೆ ಸುಳಿ ಇರುವಲ್ಲಿ ಕೂದಲಿನ ಬೇರು ಚರ್ಮದೊಳಗೇ ಓರೆಯಾಗಿ ಕೂತಿರುತ್ತದೆ, ಅಲ್ಲಿ ಗಿಡ್ಡ ಮೆಟ್ಟಿಲು ಬಂದರೆ ಬಾಚಣಿಗೆಗೆ ಬಗ್ಗುವುದಿಲ್ಲ.

ಹಾಗಾದರೆ ಮುಖದ ಆಕಾರ? ಅದಕ್ಕೂ ಪಾಲಿದೆ, ಸಣ್ಣದು. ಗದ್ದದ ಮಟ್ಟದಿಂದ ಕಿವಿಯ ಹಾಲೆಯವರೆಗೆ ನೆಟ್ಟಗೆ ಮೇಲಕ್ಕೆ ಅಳೆದು ಎರಡೂಕಾಲು ಇಂಚಿಗಿಂತ ಕಡಿಮೆಯಿದ್ದರೆ ಗಿಡ್ಡ ಕೂದಲು ಒಪ್ಪುತ್ತದೆ ಎಂಬ ಸೂತ್ರವೊಂದು ಓಡಾಡುತ್ತಿದೆ. ಎಳೆಯ ದಪ್ಪ, ಸುರುಳಿ, ತೇವ ಯಾವುದನ್ನೂ ಕೇಳದ ಸೂತ್ರವನ್ನು ನಾನು ನಂಬುವುದಿಲ್ಲ. ಮುಖವನ್ನು ಕತ್ತರಿಯಿಂದ ತಿದ್ದಬಹುದು. 1960ರ 'ಲವ್ ಇನ್ ಸಿಮ್ಲಾ' ಚಿತ್ರದಲ್ಲಿ ನಟಿ ಸಾಧನಾ ಅವರ ಅಗಲ ಹಣೆಯನ್ನು ಮುಂಗೂದಲಿನಿಂದ ಮುಚ್ಚಿದ್ದೇ ಮುಂದೆ 'ಸಾಧನಾ ಕಟ್' ಆಯಿತು. ಕೂದಲಿನ ಸ್ವಭಾವವನ್ನು ಹಾಗೆ ತಿದ್ದಲಾಗದು.

ಅಕ್ಕನ ಮಗಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಳೆಗಾಲದ ಒಂದು ಭಾನುವಾರ ತಲೆಸ್ನಾನ ಮಾಡಿ, ಎಣ್ಣೆ, ಕ್ರೀಮು, ಡ್ರೈಯರ್ ಏನೂ ಇಲ್ಲದೆ, ಜಡೆ ಹಾಕದೆ ಕಿಟಕಿಯ ಬಳಿ ಒಣಗಲು ಬಿಡಿ. ಉದುರಿದ ಒಂದು ಕೂದಲನ್ನು 7 ಸೆಂಟಿಮೀಟರಿಗೆ ಕತ್ತರಿಸಿ, ಒಂದು ತುದಿ ಹಿಡಿದು ಅಡ್ಡಕ್ಕೆ ಚಾಚಿ. ತಟ್ಟನೆ ಜೋತುಬಿದ್ದರೆ ಗಿಡ್ಡ ಲೇಯರ್ ಧೈರ್ಯವಾಗಿ ಮಾಡಿಸಿ. ನೆಟ್ಟಗೆ ನಿಂತರೆ, ಇಲ್ಲವೇ ಸಂಜೆಯ ಹೊತ್ತಿಗೆ ತಲೆ ಬೆಳಗಿಗಿಂತ ದೊಡ್ಡದಾಗಿ ಕಂಡರೆ, ಮೆಟ್ಟಿಲುಗಳು ಉದ್ದವಾಗಿಯೇ ಇರಲಿ, ಅಂಚು ದವಡೆಗಿಂತ ಕೆಳಗಿರಲಿ, ಕತ್ತರಿ ಒಣಕೂದಲಿನ ಮೇಲೆ ಆಡಲಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ದವಡೆಯಿಂದ ಭುಜಕ್ಕೆ ಇಳಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು.