ಕಸೂತಿಯ ಬೆನ್ನಿಗೆ ಗಂಟೇಕಿಲ್ಲ?

ಪ್ರಶ್ನೆ: ಕಸೂತಿಗೆ ಒಳಮೈ, ಹೊರಮೈ ಎಂಬ ಭೇದವೇ ಇಲ್ಲವಂತೆ, ನಿಜವೇ? ಗಂಟಿಲ್ಲದೆ ದಾರ ನಿಲ್ಲುವುದು ಹೇಗೆ? (ಓದುಗರು, ಕುಷ್ಟಗಿ)

ಅರ್ಧ ನಿಜ. ನಿಮ್ಮ ನೆರೆಯ ಇಳಕಲ್ ಸೀರೆಯ ಮೇಲೆ ಮೂಡುವ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿವೆ. ಎರಡೂ ಮೈ ಒಂದೇ ಆಗಿ ಕಾಣುವುದು ಮೊದಲೆರಡರಲ್ಲಿ ಮಾತ್ರ. ಗವಂತಿಯಲ್ಲಿ ಸೂಜಿ ಬಟ್ಟೆಯ ಎಳೆ ಎಣಿಸುತ್ತ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸಾಗುತ್ತದೆ. ಹೋಗುವಾಗ ಬಿಟ್ಟ ಸಂದನ್ನು ಅದೇ ದಾರಿಯಲ್ಲಿ ಮರಳುವಾಗ ತುಂಬುತ್ತದೆ. ದಾರದ ತುದಿ ತನ್ನದೇ ಹೊಲಿಗೆಯಡಿ ಸಿಕ್ಕಿಕೊಳ್ಳುವುದರಿಂದ ಗಂಟು ಬೇಕಿಲ್ಲ. ಮುರಗಿ ಇದರದೇ ಮೆಟ್ಟಿಲು ನಡಿಗೆ. ನೇಯ್ಗಿ ಮಗ್ಗದ ನೇಯ್ಗೆಯನ್ನು ಅನುಕರಿಸುತ್ತದೆ: ಮುಂದೆ ದಾರ ಕಂಡಲ್ಲಿ ಹಿಂದೆ ಖಾಲಿ. ಮೆಂತೆ ಅಡ್ಡಗತ್ತರಿಯ ಹೊಲಿಗೆ; ಮುಂದಿನ ಕತ್ತರಿ ಹಿಂದೆ ಕಾಣದು.

ಹಿಂಬದಿಯನ್ನು ಯಾರು ನೋಡುತ್ತಾರೆ, ಇದು ಬರೀ ಜಂಬವಲ್ಲವೇ ಎನ್ನಬಹುದು. ಆದರೆ ಸೆರಗು ಗೋಡೆಗೆ ಒರಗಿದ ವಸ್ತುವಲ್ಲ, ಗಾಳಿಗೆ ಮಗುಚುತ್ತದೆ. ಗಂಟಿದ್ದರೆ ಎದ್ದು ಕಾಣುತ್ತದೆ, ಮೈಗೂ ಒತ್ತುತ್ತದೆ. ಯುರೋಪಿನಲ್ಲೂ ಗವಂತಿಯಂಥದೇ ಹೊಲಿಗೆಯಿದೆ, 16ನೇ ಶತಮಾನದ ಚಿತ್ರಕಾರ ಹೋಲ್ಬೈನ್ ಹೆಸರಿನಲ್ಲಿ. ಹಾಗಾದರೆ ನಮ್ಮದೇನು ಹೆಚ್ಚುಗಾರಿಕೆ ಎಂಬ ಆಕ್ಷೇಪವೂ ಉಂಟು. ಎಣಿಕೆ ಎಲ್ಲರದೂ ಹೌದು. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆಗಳನ್ನು ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಕಪ್ಪು ಚಂದ್ರಕಾಳಿ ಸೀರೆಯ ಕಣ್ಣಿಗೆ ನಿಲುಕದ ಎಳೆಗಳನ್ನೆಣಿಸಿಯೇ ಎಬ್ಬಿಸಿದ್ದು ಮಾತ್ರ ಈ ಸೀಮೆಯ ಹೆಂಗಸರು.