ವಸಂತ ಕಾಲದ ವೇಗದ ಮ್ಯಾರಥಾನ್‌ಗಳು: ಸಕಲೇಶಪುರ–ಆಲೂರು ಮಲೆಸೀಮೆಯ ಹವ್ಯಾಸಿ ಓಟಗಾರನ ದೃಷ್ಟಿಯಿಂದ ಒಂದು ತುಲನೆ

1. ವಿಷಯ ಪ್ರವೇಶ

ಹಾಸನದಿಂದ ಆಲೂರು ತಾಲ್ಲೂಕನ್ನು ಹಾದು ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯ ಉದ್ದ ಸುಮಾರು 40 ಕಿಲೋಮೀಟರು. 1896ರ ಒಲಿಂಪಿಕ್ ಕೂಟದಲ್ಲಿ ಮ್ಯಾರಥಾನ್ ಗ್ರಾಮದಿಂದ ಅಥೆನ್ಸ್ ನಗರಕ್ಕೆ ಓಡಿದವರು ಕ್ರಮಿಸಿದ ದೂರವೂ ಹೆಚ್ಚುಕಡಿಮೆ ಇಷ್ಟೇ. ಬಸ್ಸಿನಲ್ಲಿ ಕುಳಿತು ನೋಡುವವರಿಗೆ ಇದು ಒಂದು ಗಂಟೆಯ ಪ್ರಯಾಣ. ಓಡುವವನಿಗಾದರೋ ತಿಂಗಳುಗಟ್ಟಲೆ ಸಿದ್ಧತೆಯನ್ನು ಬೇಡುವ ದೂರ.

ಇಂದು ಉದ್ಯೋಗ, ಕೃಷಿ, ವ್ಯಾಪಾರಗಳ ನಡುವೆಯೇ ಅಭ್ಯಾಸ ಮಾಡಿ, ತನ್ನ ಸ್ವಂತ ಖರ್ಚಿನಿಂದ ದೂರದೇಶದ ಮ್ಯಾರಥಾನ್‌ಗೆ ಹೋಗಬಯಸುವ ಹವ್ಯಾಸಿ ಓಟಗಾರರು ಎಲ್ಲ ಕಡೆಯೂ ಇದ್ದಾರೆ. ಅಂಥವನು ಮೊದಲು ಕೇಳುವ ಪ್ರಶ್ನೆ, ‘ಯಾವ ಓಟ ಹೆಚ್ಚು ವೇಗದ್ದು?’ ಎಂಬುದು. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ವಿಜೇತರ ದಾಖಲೆಗಳ ಪಟ್ಟಿ. ಆ ಪಟ್ಟಿಯು ಸಾಲದೆಂಬುದನ್ನೂ, ಓಟದ ವೇಗವನ್ನು ನೆಲ, ಗಾಳಿ ಮತ್ತು ಓಟಗಾರನ ಊರಿನ ಋತುಮಾನ ಎಂಬ ಮೂರನ್ನು ಕೂಡಿಸಿಯೇ ಅಳೆಯಬೇಕೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಯ್ಕೆಯಲ್ಲಿ ತಪ್ಪಿದರೆ ಹೋಗುವುದು ಒಂದು ವರ್ಷದ ದುಡಿಮೆಯ ಉಳಿತಾಯವಾದುದರಿಂದ ಈ ವಿವೇಚನೆ ನಿಷ್ಪ್ರಯೋಜಕವಾಗಲಾರದು.

2. ದೂರದ ಇತಿಹಾಸ ಮತ್ತು ಒಬ್ಬ ಕನ್ನಡ ನಾಡಿನ ಓಟಗಾರ

ಮ್ಯಾರಥಾನಿನ ದೂರವು ಮೊದಲಿನಿಂದ ನಿಶ್ಚಿತವಾಗಿರಲಿಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಪೀಠದ ಎದುರಿಗೆ ಮುಗಿಯುವಂತೆ ಗೊತ್ತುಮಾಡಿದ 26 ಮೈಲಿ 385 ಗಜಗಳ, ಎಂದರೆ 42.195 ಕಿಲೋಮೀಟರುಗಳ ದೂರವನ್ನೇ 1921ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ಪ್ರಮಾಣವಾಗಿ ಅಂಗೀಕರಿಸಿತು. ಆದುದರಿಂದ ಅದಕ್ಕೆ ಹಿಂದಿನ ಕಾಲಮಾನಗಳನ್ನು ಇಂದಿನವುಗಳೊಡನೆ ನೇರವಾಗಿ ಹೋಲಿಸುವುದು ಯುಕ್ತವಲ್ಲ.

ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಇದಕ್ಕೆ ಉತ್ತಮ ನಿದರ್ಶನ. ಸರ್ ದೊರಾಬ್ಜಿ ಟಾಟಾ ಅವರ ನೆರವಿನಿಂದ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ತೆರಳಿದ ಭಾರತ ತಂಡದಲ್ಲಿದ್ದ ಇವರು ಮ್ಯಾರಥಾನ್‌ನಲ್ಲಿ 19ನೆಯವರಾಗಿ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಆದರೆ ಆ ಹಾದಿಯ ಉದ್ದ 42.75 ಕಿಲೋಮೀಟರು. ಅದೇ ಸರಾಸರಿ ವೇಗವನ್ನು ಇಂದಿನ ದೂರಕ್ಕೆ ಲೆಕ್ಕಹಾಕಿದರೆ ಸುಮಾರು 2 ಗಂಟೆ 48 ನಿಮಿಷ 30 ಸೆಕೆಂಡುಗಳಾಗುತ್ತವೆ. 2026ರ ಬಾಸ್ಟನ್ ಓಟಕ್ಕೆ 35 ವರ್ಷದೊಳಗಿನ ಪುರುಷರಿಗೆ ವಿಧಿಸಿದ್ದ ಅರ್ಹತಾ ಕಾಲ 2 ಗಂಟೆ 55 ನಿಮಿಷ. ಅರ್ಜಿಗಳ ದಟ್ಟಣೆಯಿಂದಾಗಿ ವಾಸ್ತವವಾಗಿ ಪ್ರವೇಶ ದೊರೆತದ್ದು ಅದಕ್ಕಿಂತ 4 ನಿಮಿಷ 34 ಸೆಕೆಂಡು ಕಡಿಮೆಯಲ್ಲಿ ಓಡಿದವರಿಗೆ. ನೂರು ವರ್ಷಗಳ ಹಿಂದಿನ ಚೌಗುಲೆಯವರ ವೇಗ ಈ ಕಟ್ಟಳೆಯನ್ನು ದಾಟುತ್ತದೆ. ಮಹತ್ವಾಕಾಂಕ್ಷೆಯ ಹವ್ಯಾಸಿಯೊಬ್ಬನು ಇಂದು ಏರಬೇಕಾದ ಮೆಟ್ಟಿಲು ಎಷ್ಟು ಎತ್ತರದ್ದೆಂಬುದು ಇದರಿಂದ ವೇದ್ಯವಾಗುತ್ತದೆ.

3. ನೆಲದ ವಿಚಾರ

ಇಳಿಜಾರಿನ ಹಾದಿ ವೇಗದ್ದೆಂಬುದು ಲೋಕಾನುಭವ. ಈ ಕಾರಣದಿಂದಲೇ ವಿಶ್ವದಾಖಲೆಯ ಮಾನ್ಯತೆಗೆ ಎರಡು ನಿಬಂಧನೆಗಳಿವೆ: ಆರಂಭದಿಂದ ಮುಕ್ತಾಯಕ್ಕೆ ನೆಲದ ಇಳಿತವು ಕಿಲೋಮೀಟರಿಗೆ 1 ಮೀಟರನ್ನು, ಎಂದರೆ ಒಟ್ಟು 42 ಮೀಟರುಗಳನ್ನು ಮೀರಬಾರದು, ಎರಡು ತುದಿಗಳ ನೇರ ಅಂತರವು ಓಟದ ದೂರದ ಅರ್ಧವನ್ನು ಮೀರಬಾರದು. ಎರಡನೆಯದು ಬೆನ್ನಗಾಳಿಯ ಲಾಭವನ್ನು ತಡೆಯುವುದಕ್ಕಾಗಿ ಮಾಡಿದುದು.

ನಮ್ಮ ಸೀಮೆಯವರಿಗೆ ಇದರ ಮರ್ಮವನ್ನು ತಿಳಿಯುವುದು ಸುಲಭ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿಲೋಮೀಟರುಗಳ ಘಟ್ಟದ ರೈಲುದಾರಿಯು 50 ಅಡಿಗೆ 1 ಅಡಿಯಂತೆ ಇಳಿಯುತ್ತದೆ. ಅದೇ ಇಳಿಜಾರಿನ ರಸ್ತೆಯಲ್ಲಿ ಪೂರ್ಣ ಮ್ಯಾರಥಾನ್ ಓಡಿದರೆ ಒಟ್ಟು ಇಳಿತ ಸುಮಾರು 844 ಮೀಟರು, ನಿಬಂಧನೆಯ ಇಪ್ಪತ್ತು ಪಟ್ಟು. ಬಾಸ್ಟನ್ ಓಟದ ವ್ಯವಸ್ಥಾಪಕರು 2027ರ ಸ್ಪರ್ಧೆಯಿಂದ ಮೊದಲುಗೊಂಡು ಇಂಥ ಹಾದಿಗಳಲ್ಲಿ ಗಳಿಸಿದ ಅರ್ಹತಾ ಕಾಲಕ್ಕೆ ದಂಡ ವಿಧಿಸಿದ್ದಾರೆ: ಇಳಿತವು 1,500 ಅಡಿಗಳಿಂದ 3,000 ಅಡಿಗಳ ಒಳಗಿದ್ದರೆ 5 ನಿಮಿಷ, 3,000 ಅಡಿಗಳಿಂದ 6,000 ಅಡಿಗಳ ಒಳಗಿದ್ದರೆ 10 ನಿಮಿಷ ಕೂಡಿಸಲಾಗುವುದು, ಅದಕ್ಕೂ ಮೀರಿದರೆ ಕಾಲವನ್ನು ಪರಿಗಣಿಸುವುದೇ ಇಲ್ಲ. ನಮ್ಮ ಘಟ್ಟದ ಕಲ್ಪಿತ ಓಟಕ್ಕೆ ಮೊದಲನೆಯ ದಂಡ ಬೀಳುತ್ತದೆ.

ವಿಚಿತ್ರವೆಂದರೆ ಬಾಸ್ಟನ್ ಹಾದಿಯೂ ಹಾಪ್‌ಕಿಂಟನ್ ಊರಿನಿಂದ ನಗರಕ್ಕೆ ಸುಮಾರು 140 ಮೀಟರು ಇಳಿಯುತ್ತದೆ. 2011ರಲ್ಲಿ ಕೆನ್ಯದ ಜೆಫ್ರಿ ಮುಟಾಯ್ ಅಲ್ಲಿ ಓಡಿದ 2:03:02ರ ಕಾಲವು ಅಂದಿಗೆ ಜಗತ್ತಿನಲ್ಲಿಯೇ ಅತಿ ಕಡಿಮೆಯದಾಗಿದ್ದರೂ ವಿಶ್ವದಾಖಲೆಯೆಂದು ಮಾನ್ಯವಾಗಲಿಲ್ಲ.

4. ಪ್ರಮುಖ ಓಟಗಳ ತುಲನೆ

ಬಾಸ್ಟನ್: 1897ರಲ್ಲಿ ಆರಂಭವಾಗಿ ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ನಡೆಯುವ ಈ ಓಟದಲ್ಲಿ ಮೊದಲ ಭಾಗದ ಇಳಿಜಾರು ತೊಡೆಯ ಸ್ನಾಯುಗಳನ್ನು ದಣಿಸುತ್ತದೆ, ಬಳಿಕ 26ನೆಯ ಕಿಲೋಮೀಟರಿನಿಂದ ನ್ಯೂಟನ್ನಿನ ದಿಬ್ಬಗಳು ಎದುರಾಗುತ್ತವೆ. ಗಾಳಿಯೂ ನಂಬತಕ್ಕದ್ದಲ್ಲ. 2011ರಲ್ಲಿ ಬೆನ್ನಗಾಳಿಯೊಡನೆ 2:03:02ರಲ್ಲಿ ಗೆದ್ದ ಹಾದಿಯನ್ನೇ 2018ರ ಚಳಿಮಳೆ ಮತ್ತು ಎದುರುಗಾಳಿಯಲ್ಲಿ ಜಪಾನಿನ ಯೂಕಿ ಕವಾಉಚಿ 2:15:58ರಲ್ಲಿ ಗೆದ್ದರು. ಒಂದೇ ನೆಲ, ಅಂತರ ಸುಮಾರು 13 ನಿಮಿಷ. ಕವಾಉಚಿಯವರು ಆಗ ಸೈತಾಮ ಪ್ರಾಂತ್ಯದ ಸರ್ಕಾರದಲ್ಲಿ ಪೂರ್ಣಾವಧಿಯ ನೌಕರರಾಗಿದ್ದರೆಂಬುದು ಹವ್ಯಾಸಿಗಳಿಗೆ ಧೈರ್ಯ ಕೊಡತಕ್ಕ ಸಂಗತಿ.

ಲಂಡನ್: 1981ರಲ್ಲಿ ಆರಂಭವಾದ ಈ ಓಟದ ಹಾದಿ ಬಹುಮಟ್ಟಿಗೆ ಸಮತಟ್ಟು. 2003ರಲ್ಲಿ ಪೌಲಾ ರ್‍ಯಾಡ್‌ಕ್ಲಿಫ್ ಇಲ್ಲಿ ಸ್ಥಾಪಿಸಿದ 2:15:25ರ ದಾಖಲೆ 16 ವರ್ಷ ನಿಂತಿತು. ಆದರೆ ಹೊರದೇಶದ ಹವ್ಯಾಸಿಗೆ ಪ್ರವೇಶವೇ ದುರ್ಲಭ. ವಯೋಮಾನಾನುಸಾರ ವೇಗದ ಆಧಾರದ ಮೇಲೆ ಕೊಡುವ ಸ್ಥಾನಗಳು ಬ್ರಿಟನ್ನಿನ ನಿವಾಸಿಗಳಿಗೆ ಮೀಸಲು. 2026ರ ಲಾಟರಿಗೆ ಬಂದ ಅರ್ಜಿಗಳು 11 ಲಕ್ಷಕ್ಕೂ ಹೆಚ್ಚು.

ರಾಟರ್‌ಡ್ಯಾಮ್: ಇದೂ 1981ರಲ್ಲಿ ಆರಂಭವಾದುದು, ಏಪ್ರಿಲ್ ತಿಂಗಳಿನ ಓಟ. ಸಮುದ್ರಮಟ್ಟದ ನೆಲದಲ್ಲಿ ಸೇತುವೆಯ ಏರು ಹೊರತು ಹೇಳಿಕೊಳ್ಳುವ ದಿಬ್ಬವಿಲ್ಲ. 1985ರಲ್ಲಿ ಕಾರ್ಲೋಸ್ ಲೋಪೆಸ್ ಇಲ್ಲಿ 2:07:12ರಲ್ಲಿಯೂ, 1988ರಲ್ಲಿ ಬೆಲೈನೆ ದಿನ್ಸಾಮೊ 2:06:50ರಲ್ಲಿಯೂ ಓಡಿ ಜಗತ್ತಿನ ಶ್ರೇಷ್ಠ ಕಾಲಗಳನ್ನು ಸ್ಥಾಪಿಸಿದರು. ಎರಡನೆಯದು ಹತ್ತು ವರ್ಷ ಅಜೇಯವಾಗಿತ್ತು. ಇಲ್ಲಿ ಅರ್ಹತಾ ಕಾಲದ ಕಟ್ಟಳೆಯಿಲ್ಲ. ಶತ್ರುವೆಂದರೆ ಬಯಲಿನ ಗಾಳಿ.

ಸೋಲ್ ಮತ್ತು ಟೋಕಿಯೊ: ಇವೆರಡೂ ಮಾರ್ಚ್ ತಿಂಗಳಿನವು, ತಂಪಿನವು. 1978ರಲ್ಲಿ ಜಲಂಧರದಲ್ಲಿ ಶಿವನಾಥ ಸಿಂಗ್ ಓಡಿದ 2:12:00ರ ಕಾಲವನ್ನು ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಯಾವ ಭಾರತೀಯನೂ ಮೀರಿರಲಿಲ್ಲ. ಆ ಅವಧಿಯಲ್ಲಿ ಅದರ ಸಮೀಪಕ್ಕೆ ಬಂದ ಟಿ. ಗೋಪಿಯವರ 2:13:39ರ ಓಟ ನಡೆದದ್ದು 2019ರ ಸೋಲ್ ನಗರದಲ್ಲಿ. ಭಾರತದ ಗಡಿಯಾರಕ್ಕೂ ಈ ಎರಡು ನಗರಗಳ ಗಡಿಯಾರಕ್ಕೂ ಮೂರೂವರೆ ಗಂಟೆಗಳ ವ್ಯತ್ಯಾಸ, ಏಪ್ರಿಲ್‌ನ ರಾಟರ್‌ಡ್ಯಾಮಿಗೂ ಅಷ್ಟೇ, ಬಾಸ್ಟನ್ನಿಗಾದರೋ ಒಂಬತ್ತೂವರೆ. ಎರಡು ಮೂರು ದಿನಗಳ ರಜೆಯಲ್ಲಿ ಹೋಗಿಬರುವವನ ನಿದ್ರೆಗೆ ಇದು ಸಣ್ಣ ಸಂಗತಿಯಲ್ಲ.

ಇಲ್ಲಿ ಇತಿಹಾಸದ ವಿದ್ಯಾರ್ಥಿಯು ಒಂದು ಎಚ್ಚರಿಕೆಯನ್ನು ಹೇಳಬೇಕಾಗುತ್ತದೆ. ದಾಖಲೆಗಳ ಪಟ್ಟಿಯು ನಮ್ಮ ಜಿಲ್ಲೆಯ ಪ್ರಶಸ್ತಿ ಶಾಸನಗಳಂತೆ ಗೆದ್ದ ದೊರೆಯನ್ನು ಹೊಗಳುತ್ತದೆ. ಜೊತೆಗಿದ್ದ ಕಾಲಾಳುಗಳ ಮಾತನ್ನು ಎತ್ತುವುದಿಲ್ಲ. 2003ರ ಲಂಡನ್ ದಾಖಲೆಯ ಹಿಂದೆ ಪಕ್ಕದಲ್ಲಿ ಓಡುತ್ತ ವೇಗವನ್ನು ಕಾಯ್ದ ಪುರುಷ ಓಟಗಾರರಿದ್ದರು. ಮೂರು ಗಂಟೆಯ ಹವ್ಯಾಸಿಗೆ ಅಂಥ ಸೇವೆ ದೊರೆಯದು. ಅವನಿಗೆ ಬೇಕಾದದ್ದು ತನ್ನದೇ ವೇಗದ ಗುಂಪು. ಅರ್ಹತೆಯ ಮೂಲಕ ಜನ ಸೇರುವ ಬಾಸ್ಟನ್ನಿನಲ್ಲಿ ಇದು ದಟ್ಟವಾಗಿ ದೊರೆಯುತ್ತದೆ.

5. ಮಲೆಸೀಮೆಯ ಪಂಚಾಂಗ

ಓಟ ನಡೆಯುವುದು ಒಂದು ಬೆಳಿಗ್ಗೆ; ಸಿದ್ಧತೆ ನಡೆಯುವುದು ಸುಮಾರು 16 ವಾರ. ಆ ವಾರಗಳು ಊರಿನಲ್ಲಿ ಯಾವ ಋತುವಿಗೆ ಬೀಳುತ್ತವೆಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಜನವರಿಯ ಮುಂಬಯಿ ಓಟಕ್ಕೆ ಸಿದ್ಧತೆ ಸೆಪ್ಟೆಂಬರಿನಲ್ಲಿ, ಮಳೆಗಾಲದ ಕೊನೆಯಲ್ಲಿ ಮೊದಲಾಗಬೇಕು; ಓಟದ ದಿನ ಕಡಲತೀರದ ಸೆಕೆಯನ್ನೂ ಪೆಡ್ಡರ್ ರಸ್ತೆಯ ಏರನ್ನೂ ಎದುರಿಸಬೇಕು. ಫೆಬ್ರವರಿಯ ದೆಹಲಿ ಓಟದ ನೆಲ ಸಮತಟ್ಟು, ಬೆಳಗು ತಂಪು. ಆದರೆ ಅದರ ಸಿದ್ಧತೆ ನವೆಂಬರಿನಿಂದ ಮೊದಲಾಗಿ ಅರೇಬಿಕಾ ಕೊಯ್ಲಿನ ಮೇಲೆಯೇ ಬೀಳುತ್ತದೆ. ಹಣ್ಣು ಕೊಯ್ದು, ಪಲ್ಪ್ ಮಾಡಿ, ಕಣದಲ್ಲಿ ಒಣಗಿಸುವ ದಿನಗಳಲ್ಲಿ ಬೆಳೆಗಾರನಿಗಾಗಲಿ ಕಾರ್ಮಿಕನಿಗಾಗಲಿ ಬಿಡುವೆಂಬುದಿಲ್ಲ. ಏಪ್ರಿಲ್ ಓಟದ ಸಿದ್ಧತೆ ಡಿಸೆಂಬರಿನ ಕೊನೆಯಲ್ಲಿ ಮೊದಲಾಗುವುದರಿಂದ ಅದರ ಕಠಿಣ ವಾರಗಳು ಫೆಬ್ರವರಿ–ಮಾರ್ಚ್‌ಗಳಿಗೆ ಬರುತ್ತವೆ. ಅರೇಬಿಕಾ ತೋಟದವನಿಗೆ ಅದು ಕೊಯ್ಲು ಮುಗಿದ ಕಾಲ. ರೊಬಸ್ಟಾ ತೋಟದವನಿಗೆ ಕೊಯ್ಲು ಮತ್ತು ಹೂವಿಗೆ ನೀರು ಹಾಯಿಸುವ ಕಾಲ. ಹೀಗೆ ಒಂದೇ ಓಟವು ಅಕ್ಕಪಕ್ಕದ ಇಬ್ಬರಿಗೆ ಸಮಾನವಾಗಿ ಅನುಕೂಲವಲ್ಲ.

ಇದಕ್ಕಿಂತ ಗುರುತರವಾದ ಇನ್ನೊಂದು ಸಂಗತಿಯಿದೆ. ಬಯಲುಸೀಮೆಯ ಓಟಗಾರನು ಬಿಸಿಲಿಗೆ ಹೆದರಿ ನಸುಕಿನ ನಾಲ್ಕು ಗಂಟೆಗೆ ಹೊರಡಬಹುದು. ಸಕಲೇಶಪುರ–ಆಲೂರುಗಳ ತೋಟದ ದಾರಿಗಳಲ್ಲಿ ಅದು ಪ್ರಾಣಾಪಾಯದ ಕೆಲಸ. 2014ರಲ್ಲಿ ಆಲೂರಿನ ಭಾಗದಿಂದ 22 ಕಾಡಾನೆಗಳನ್ನು ಹಿಡಿದು ಸಾಗಿಸಿದರೂ ಹಾವಳಿ ನಿಲ್ಲಲಿಲ್ಲ. 2023ರ ಡಿಸೆಂಬರಿನಲ್ಲಿ ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನನು ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಮಡಿದುದು ಎಲ್ಲರೂ ಬಲ್ಲ ಸಂಗತಿ. ಆದುದರಿಂದ ಇಲ್ಲಿಯ ದೀರ್ಘ ಓಟವು ಬೆಳಕು ಹರಿದ ಮೇಲೆ, ಅರಣ್ಯ ಇಲಾಖೆಯ ಎಚ್ಚರಿಕೆಯನ್ನು ನೋಡಿಕೊಂಡು ನಡೆಯತಕ್ಕದ್ದು. ಮಾರ್ಚ್ ತಿಂಗಳಿನ ಓಟಕ್ಕೆ ಸಿದ್ಧವಾಗುವವನಿಗೆ ಈ ತಡದ ಬೆಳಗಿನ ಬಿಸಿಲು ಅಷ್ಟಾಗಿ ಬಾಧಿಸದು. ಏಪ್ರಿಲ್ ಓಟದವನಿಗೆ ಬಾಧಿಸುತ್ತದೆ.

ಬೆಟ್ಟದ ವಾಸದಿಂದ ತಾನಾಗಿಯೇ ಉಸಿರಿನ ಬಲ ಹೆಚ್ಚುವುದೆಂಬ ನಂಬಿಕೆಗೂ ಆಧಾರ ಸಾಲದು. ಅಂಥ ಲಾಭವು ಸಾಮಾನ್ಯವಾಗಿ ಸುಮಾರು 2,000 ಮೀಟರು ಎತ್ತರದಿಂದ ತೋರುತ್ತದೆ. ಕೆನ್ಯದ ಈಟೆನ್ ಊರು 2,400 ಮೀಟರಿನಷ್ಟು ಎತ್ತರದಲ್ಲಿದೆ, ಸಕಲೇಶಪುರವು ಸಾವಿರ ಮೀಟರನ್ನೂ ಮುಟ್ಟುವುದಿಲ್ಲ. ಮಲೆಸೀಮೆ ಕೊಡುವ ವರ ಏರಿಳಿತದ ನೆಲ. ಅದು ಕಾಲನ್ನು ಬಾಸ್ಟನ್ನಿಗೆ ಹದಗೊಳಿಸುತ್ತದೆ; ರಾಟರ್‌ಡ್ಯಾಮಿನ ಸಮನೆಲದಲ್ಲಿ ಒಂದೇ ವೇಗವನ್ನು ಹಿಡಿಯುವ ಅಭ್ಯಾಸಕ್ಕೆ ಹಾಸನದ ಮೂಡಲ ಬಯಲಿಗೆ ಇಳಿಯಬೇಕಾಗುತ್ತದೆ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ನಿರ್ಣಯಗಳಿಗೆ ಬರಬಹುದು. ಕೇವಲ ಉತ್ತಮ ಕಾಲವನ್ನು ಬಯಸುವವನಿಗೆ ಸೋಲ್ ಅಥವಾ ರಾಟರ್‌ಡ್ಯಾಮ್ ಉಚಿತ. ಇವೆರಡರಲ್ಲಿ ಮಾರ್ಚ್ ತಿಂಗಳಿನದಾದ ಸೋಲ್ ನಮ್ಮ ಹವೆಗೆ ಹೆಚ್ಚು ಹೊಂದುತ್ತದೆ, ಕೊಯ್ಲು ಕಡೆಯವರೆಗೂ ಬಿಡದವನಿಗೆ ರಾಟರ್‌ಡ್ಯಾಮ್ ಹೆಚ್ಚು ಹೊಂದುತ್ತದೆ. ಬಾಸ್ಟನ್ನನ್ನು ವೇಗಕ್ಕಾಗಿ ಆರಿಸಬಾರದು. ಅದು ವೇಗದಿಂದ ಗಳಿಸಿ ಹೋಗುವ ಗೌರವ. ಅದನ್ನು ಬಯಸುವವನು ದೆಹಲಿಯಂಥ ಸಮನೆಲದ, ಪ್ರಮಾಣೀಕೃತವಾದ ಹಾದಿಯಲ್ಲಿ ಒಂದು ಫೆಬ್ರವರಿಯಲ್ಲಿ ಅರ್ಹತೆ ಪಡೆದು, ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿ, ಮುಂದಿನ ಏಪ್ರಿಲಿಗೆ ಹೊರಡಬೇಕು. ಎಂದರೆ ಹದಿನಾಲ್ಕು ತಿಂಗಳ ವ್ಯವಸಾಯ. ಒಂದು ಕೊಯ್ಲಿನಿಂದ ಇನ್ನೊಂದರವರೆಗೆ ಲೆಕ್ಕವಿಟ್ಟು ಬಾಳುವ ಕಾಫಿ ನಾಡಿನವರಿಗೆ ಇಂಥ ದೀರ್ಘ ಎಣಿಕೆ ಹೊಸತಲ್ಲ.