ಟ್ಯಾಲಿಯ ಹೊಸ ರೂಪ ಮತ್ತು ಹಳೆಯ ಗುಮಾಸ್ತರ ರೂಢಿ

ಬೆಂಗಳೂರಿನ ಟ್ಯಾಲಿ ಸಂಸ್ಥೆಯು 2009ರಿಂದ ಬಳಕೆಯಲ್ಲಿದ್ದ ಇ.ಆರ್.ಪಿ. 9ರ ಸ್ಥಾನದಲ್ಲಿ 2020ರ ನವೆಂಬರಿನಲ್ಲಿ ಟ್ಯಾಲಿಪ್ರೈಮ್ ಎಂಬ ಆವೃತ್ತಿಯನ್ನು ಹೊರತಂದಿತು. ತೆಲಿಗಿ, ಹರಪನಹಳ್ಳಿ, ಕೊಟ್ಟೂರುಗಳ ವರ್ತಕರಲ್ಲಿ ಅದರ ರೂಪದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಹೊಸದಾಗಿ ಕೆಲಸ ಕಲಿತವರಿಗೆ ಪರದೆ ತಿಳಿಯಾಗಿ ಕಾಣುತ್ತದೆ. ಆಲ್ಟ್-ಜಿ ಒತ್ತಿ ವರದಿಯ ಹೆಸರನ್ನು ಬೆರಳಚ್ಚಿಸಿದರೆ ಸಾಕು. ಹಳೆಯ ಗುಮಾಸ್ತರಿಗೆ ಮಾತ್ರ ಅಸಮಾಧಾನ. ಇದನ್ನು ಬರೀ ಹಟವೆಂದು ತಳ್ಳಿಹಾಕಲಾಗದು. ಪರದೆಯತ್ತ ಕಣ್ಣೆತ್ತದೆ ಬೆರಳಿನ ರೂಢಿಯಿಂದಲೇ ಲೆಕ್ಕ ಬರೆಯುವವರು ಅವರು.

ಪಾವತಿಯ ಎಫ್5, ಸ್ವೀಕೃತಿಯ ಎಫ್6, ಮಾರಾಟದ ಎಫ್8, ಖರೀದಿಯ ಎಫ್9 ಹಾಗೆಯೇ ಉಳಿದಿವೆ. ಆದರೆ ಕ್ರೆಡಿಟ್ ನೋಟಿಗೆ ಹಿಂದೆ ಕಂಟ್ರೋಲ್-ಎಫ್8 ಇತ್ತು, ಈಗ ಆಲ್ಟ್-ಎಫ್6. ಕಂಟ್ರೋಲ್-ಎಫ್8 ಈಗ ಮಾರಾಟದ ಆರ್ಡರಿಗೆ ಸಲ್ಲುತ್ತದೆ. ಗಿರಾಕಿ ಮರಳಿಸಿದ ಮಾಲನ್ನು ಹಳೆಯ ರೂಢಿಯಂತೆ ಬರೆದರೆ ಅದು ಆರ್ಡರಾಗಿಯೇ ಉಳಿದು, ಖಾತೆಯನ್ನಾಗಲಿ ಜಿ.ಎಸ್.ಟಿ. ವಿವರಪಟ್ಟಿಯನ್ನಾಗಲಿ ಮುಟ್ಟುವುದಿಲ್ಲ. ಮರಳಿ ಬಂದ ಮಾಲಿಗೂ ತೆರಿಗೆ ತೆತ್ತಂತಾಗುತ್ತದೆ. ಆ ತೆರಿಗೆಯನ್ನು ಇಳಿಸಿಕೊಳ್ಳಲು, ಮಾರಾಟವಾದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಕ್ರೆಡಿಟ್ ನೋಟನ್ನು ವಿವರಪಟ್ಟಿಯಲ್ಲಿ ತೋರಿಸಬೇಕು. ವಾರ್ಷಿಕ ವಿವರಪಟ್ಟಿಯನ್ನು ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಅಂದಿಗೇ ಗಡುವು ಮುಗಿಯುತ್ತದೆ.

ಮಾಸಿಕ ವಿವರಪಟ್ಟಿ ಸಲ್ಲಿಸುವವರು 11ನೆಯ ತಾರೀಖಿನ ಜಿ.ಎಸ್.ಟಿ.ಆರ್.-1ಕ್ಕೆ ಮುನ್ನ ಮಾರಾಟದ ಆರ್ಡರುಗಳ ಪಟ್ಟಿಯನ್ನೊಮ್ಮೆ ತೆರೆದು ನೋಡುವುದು ಒಳಿತು. ಆರ್ಡರು ಬರೆಯುವ ಪದ್ಧತಿಯೇ ಇಲ್ಲದ ಅಂಗಡಿಯಲ್ಲಿ ಅಲ್ಲೊಂದು ನಮೂದು ಕಂಡುಬಂದರೆ ಗುಮಾಸ್ತರನ್ನು ಕರೆದು, ಮರಳಿದ ಮಾಲಿನ ಚೀಟಿಯೊಡನೆ ತಾಳೆ ನೋಡಬೇಕು.